ಎದುರುಬದುರು ಎರಡು ಗುಡಿ

ಲಕ್ಕುಂಡಿಯ ಕಾಶಿ ವಿಶ್ವೇಶ್ವರದಲ್ಲಿ ಎರಡು ಗುಡಿಗಳು ಒಂದನ್ನೊಂದು ನೋಡುತ್ತ ನಿಂತಿವೆ. ದೊಡ್ಡದು ಶಿವನದು, ಬಾಗಿಲು ಮೂಡಣಕ್ಕೆ. ಚಿಕ್ಕದು ಸೂರ್ಯನದು, ಬಾಗಿಲು ಪಡುವಣಕ್ಕೆ. ಮದುವೆಯಾದ ಇಪ್ಪತ್ತನೆಯ ದಿನ ನಾವು ಇಬ್ಬರೇ ಮನೆಯಿಂದ ಹೊರಬಿದ್ದು ಹೋದ ಮೊದಲ ಜಾಗ ಅದು. ನಾನು ಸೂರ್ಯನ ಗುಡಿಯ ಕಡೆ ಕೂತೆ, ಇವರು ಶಿವನ ಗುಡಿಯ ಕಡೆ. ಏನು ಮಾತಾಡಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಹಿರಿಯರು ನೋಡಿ ಮಾಡಿದ ಮದುವೆ. ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿದ್ದೂ ಇರಲಿಲ್ಲ. ಆದರೆ ಕಣ್ಣೆದುರು ಬಾಗಿಲವಾಡವಿತ್ತು, ಅದರ ತುಂಬ ಬಳ್ಳಿ, ಸುರುಳಿ, ಸಾಲು ಸಾಲು ಕೆತ್ತನೆ. ಅದನ್ನು ನೋಡುತ್ತ ನೋಡುತ್ತ ಮಾತು ಹುಟ್ಟಿತು.

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಆಗ ಹನ್ನೊಂದು ಮಂದಿ. ಹೊಸ ಜೋಡಿ ಸಿನಿಮಾಕ್ಕೆ ಹೊರಟರೆ ಮೈದುನರಿಬ್ಬರೂ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಗುಡಿಗೆ ಹೋಗಿ ಬರುತ್ತೇವೆಂದರೆ ಮಾತ್ರ ಯಾರೂ ಬೆನ್ನು ಹತ್ತುತ್ತಿರಲಿಲ್ಲ. ಅತ್ತೆ ತಾವೇ ಬುತ್ತಿ ಕಟ್ಟಿದರು: ಖಡಕ್ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಡಬ್ಬಿಯಲ್ಲಿ ಗಟ್ಟಿ ಮೊಸರು. ನಮ್ಮ ಕಡೆಯ ಎಷ್ಟೋ ಗಂಡಹೆಂಡಿರ ಮೊದಲ ಏಕಾಂತ ಹೀಗೆ ಗುಡಿಯ ನೆವದಲ್ಲೇ ಸಿಕ್ಕಿದ್ದು. ಜೋಡಿಯಾಗಿ ಹಳೆಯ ಕಲ್ಲು ನೋಡಲು ಹೋಗುವುದು ಹೊಸ ಶೋಕಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಬಸ್ಸಿನಲ್ಲಿ ಇವರು ಕೇಳಿದ್ದರು, "ಲಕ್ಕುಂಡ್ಯಾಗ ಏನೈತಿ ನೋಡಾಕ?"

"ಅತ್ತಿಮಬ್ಬೆ ಅದಾಳ್ರಿ" ಅಂದಿದ್ದೆ.

ಇವರು ಗೋಕುಲ ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸದವರು. ಇತಿಹಾಸವೆಂದರೆ ಶಾಲೆಯಲ್ಲಿ ಇಸವಿ ಬಾಯಿಪಾಠ ಮಾಡಿ ಬೈಸಿಕೊಂಡದ್ದಷ್ಟೇ ನೆನಪು. ಗುಡಿಯೊಳಗೆ ಹೋದಮೇಲೆ ಒಂದು ಕಂಬದ ಮುಂದೆ ನಿಂತುಬಿಟ್ಟರು. ಕಂಬದ ನಡುವಿನ ಬಳೆಗಳ ಮೇಲೆ ಬೆರಳು ಹಾಯಿಸಿದರು, ಸುತ್ತ ಬಂದರು, ಮತ್ತೆ ಬೆರಳು ಹಾಯಿಸಿದರು. "ಇದನ್ನ ತಿರುವಿ ಕಡದಾರ. ಕೈಯಾಗ ಉಳಿ ಹಿಡದು ಇಷ್ಟು ದುಂಡಗ ಬರೂದಿಲ್ಲ." ನಿಜ. ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳ ಹೆಮ್ಮೆಯೇ ಆ ತಿರುಗಣಿ ಕಂಬಗಳು. ಬಾದಾಮಿಯ ಕಡೆಯ ಮರಳುಗಲ್ಲನ್ನು ಬಿಟ್ಟು ಇಲ್ಲಿಯ ಶಿಲ್ಪಿಗಳು ಬಳಪದ ಕಲ್ಲಿಗೆ ಬಂದರು. ಆ ಕಲ್ಲು ಮೆತ್ತಗೆ, ಕಣ ಸಣ್ಣದು. ಉಳಿಗೆ ಬಗ್ಗುತ್ತದೆ, ತಿರುಗಣಿಗೆ ಕೂರುತ್ತದೆ, ತಿಕ್ಕಿದರೆ ಮಿರುಗುತ್ತದೆ. ಮುಂದೆ ಹೊಯ್ಸಳರ ಬೇಲೂರು, ಹಳೇಬೀಡುಗಳಲ್ಲಿ ನಾವು ಕಣ್ಣರಳಿಸಿ ನೋಡುವ ಸೂಕ್ಷ್ಮವೆಲ್ಲ ಇದೇ ಜಾತಿಯ ಕಲ್ಲಿನ ಕೊಡುಗೆ. ನಾನು ಪುಸ್ತಕದಲ್ಲಿ ಓದಿದ್ದನ್ನು ಇವರ ಬೆರಳು ಒಂದು ನಿಮಿಷದಲ್ಲಿ ಓದಿತು. ಆ ಮಧ್ಯಾಹ್ನ ನನಗೆ ನನ್ನ ಗಂಡನ ಗುರುತಾಯಿತು.

ಉಳಿದಾಕಿ

ಲಕ್ಕುಂಡಿ ಗದಗಿನಿಂದ ಹನ್ನೆರಡು ಕಿಲೋಮೀಟರ್. ಶಾಸನಗಳಲ್ಲಿ ಇದು ಲೊಕ್ಕಿಗುಂಡಿ. ಟಂಕಸಾಲೆಯಿದ್ದ ಊರು, ಇಲ್ಲಿ ಅಚ್ಚಾದ ಹೊನ್ನಿಗೆ ಲೊಕ್ಕಿ ಗದ್ಯಾಣವೆಂದೇ ಹೆಸರು. ಹನ್ನೆರಡನೆಯ ಶತಮಾನದ ಕೊನೆಗೆ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಬಂದು ಇಲ್ಲಿಂದಲೇ ಆಳಿದ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಊರವರ ಲೆಕ್ಕ. ಇಂದು ಗುಡಿ ಯಾವುದು, ಮನೆ ಯಾವುದು ಎಂದು ಬೇರ್ಪಡಿಸಲಾಗದಷ್ಟು ಎರಡೂ ಒಂದರೊಳಗೊಂದು ಸೇರಿಕೊಂಡಿವೆ. ಕಟ್ಟೆಯ ಕಲ್ಲಿನಲ್ಲಿ ಅರ್ಧ ಸಿಂಹ, ದನದ ಗೋದಲಿಯ ಪಕ್ಕ ಕಂಬದ ತುಂಡು ಕಾಣಬಹುದು.

ಮೊದಲು ಬ್ರಹ್ಮ ಜಿನಾಲಯಕ್ಕೆ ಹೋಗಿ. 1007ರ ಶಾಸನ ಇದನ್ನು ಅತ್ತಿಮಬ್ಬೆ ಕಟ್ಟಿಸಿದಳೆಂದು ಹೇಳುತ್ತದೆ. ಒಳಗೆ ನಾಲ್ಕು ಮುಖದ ಬ್ರಹ್ಮನಿದ್ದಾನೆ, ಪದ್ಮಾವತಿಯಿದ್ದಾಳೆ. ಹೊರಗೆ ಕೂತುಕೊಳ್ಳಲು ಹುಲ್ಲುಹಾಸಿದೆ. ಅಲ್ಲಿ ಕೂತು ಅವಳ ಕತೆಯನ್ನು ಒಬ್ಬರು ಇನ್ನೊಬ್ಬರಿಗೆ ಹೇಳಬೇಕು. ಯಾಕೆಂದರೆ ಇದು ಹಾಡಿನಲ್ಲಿ ಬರುವಂಥ ಪ್ರೇಮಕತೆಯಲ್ಲ, ಒಮ್ಮೆ ಕೇಳಿ ಮರೆಯುವಂಥದ್ದೂ ಅಲ್ಲ.

ಚಾಲುಕ್ಯರ ದಂಡನಾಯಕ ನಾಗದೇವನಿಗೆ ಇಬ್ಬರು ಹೆಂಡಿರು: ಮಲ್ಲಪನ ಮಕ್ಕಳಾದ ಅತ್ತಿಮಬ್ಬೆ ಮತ್ತು ಗುಂಡಮಬ್ಬೆ, ಅಕ್ಕತಂಗಿಯರು. ನಾಗದೇವ ಕಾಳಗದಲ್ಲಿ ಸತ್ತ. ತಂಗಿ ಗುಂಡಮಬ್ಬೆ ಅವನೊಡನೆ ಚಿತೆಯೇರಿದಳು. ಅಕ್ಕ ಅತ್ತಿಮಬ್ಬೆ ಮಗ ಅಣ್ಣಿಗದೇವನನ್ನು ಸಾಕಲು ಉಳಿದಳು. ಉಳಿದು ಏನು ಮಾಡಿದಳೆಂಬುದನ್ನು ರನ್ನ ತನ್ನ ಅಜಿತಪುರಾಣದಲ್ಲಿ ವಿವರಿಸಿದ್ದಾನೆ. 993ರಲ್ಲಿ ಮುಗಿದ ಆ ಕಾವ್ಯವನ್ನು ಬರೆಸಿದವಳೂ ಅವಳೇ. ಅವಳ ತಂದೆ ಮತ್ತು ಚಿಕ್ಕಪ್ಪ ಸೇರಿ ಕವಿ ಪೊನ್ನನಿಂದ ಶಾಂತಿಪುರಾಣ ಬರೆಸಿದ್ದರು. ಆ ಗ್ರಂಥಕ್ಕೆ ಅವಳು ಒಂದು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿ ಕೊಟ್ಟಳು. ದಾನಚಿಂತಾಮಣಿ ಎಂಬ ಬಿರುದು ಬಂತು. ಇಂದಿಗೂ ಕರ್ನಾಟಕ ಸರ್ಕಾರ ಅವಳ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ.

ಸಾವಿರ ಪ್ರತಿ ಎಂದರೆ ಏನೆಂದು ಒಂದು ಗಳಿಗೆ ಯೋಚಿಸಿ. ಅಚ್ಚಿನ ಮನೆ ಇಲ್ಲ, ಕಾಗದವೂ ಇಲ್ಲ. ತಾಳೆಗರಿಯನ್ನು ಹದ ಮಾಡಿ, ಒಂದೇ ಅಳತೆಗೆ ಕತ್ತರಿಸಿ, ಕಬ್ಬಿಣದ ಕಂಟದಿಂದ ಒಂದೊಂದೇ ಅಕ್ಷರ ಕೊರೆಯಬೇಕು. ಬರೆದ ಮೇಲೆ ಕಾಡಿಗೆ ಸವರಿ ಒರೆಸಿದರೆ ಗೀರಿನಲ್ಲಿ ಮಸಿ ಕೂತು ಅಕ್ಷರ ಕಾಣುತ್ತದೆ. ಆಮೇಲೆ ತೂತು ಕೊರೆದು, ದಾರ ಪೋಣಿಸಿ, ಹಲಗೆ ಕಟ್ಟಬೇಕು. ಒಂದು ಪ್ರತಿಗೇ ಇಷ್ಟು ದುಡಿಮೆ. ಸಾವಿರಕ್ಕೆ ಎಷ್ಟು ಲಿಪಿಕಾರರು, ಎಷ್ಟು ಮಳೆಗಾಲ! ಕನ್ನಡದ ಮೊದಲ ಪುಸ್ತಕ ಪ್ರಕಾಶಕಿ ಎಂದು ನಾನು ಅವಳನ್ನು ಕರೆಯುವುದು ಪ್ರೀತಿಯಿಂದ, ಆದರೆ ಉತ್ಪ್ರೇಕ್ಷೆಯಿಂದಲ್ಲ.

ಅಂದು ಈ ಕತೆ ಹೇಳಿ ಮುಗಿಸಿ ನಾನು ಇವರನ್ನು ಕೇಳಿದೆ, "ಅಕ್ಕತಂಗ್ಯಾರೊಳಗ ಯಾರ ಪ್ರೀತಿ ದೊಡ್ಡದ್ರಿ?" ಇಪ್ಪತ್ತು ದಿನದ ಹೆಂಡತಿ ಕೇಳುವ ಪ್ರಶ್ನೆಯಲ್ಲ ಅದು. ಇವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಬಹಳ ಹೊತ್ತು ಸುಮ್ಮನಿದ್ದರು.

"ಉಳದಾಕಿದು" ಅಂದರು.

ಊಟವಾದ ಮೇಲೆ ಮಣಿಕೇಶ್ವರದ ಪಕ್ಕದ ಮುಸುಕಿನ ಬಾವಿಗೆ ಇಳಿಯಿರಿ. ಮೂರು ದಿಕ್ಕಿನಿಂದ ಮೆಟ್ಟಿಲು ಇಳಿಯುತ್ತವೆ, ಮೆಟ್ಟಿಲ ಬದಿಯ ಗೋಡೆಯಲ್ಲಿ ಗೂಡು ಗೂಡು ಚಿಕ್ಕ ಗುಡಿಗಳು. ಎರಡು ಗಂಟೆಯ ಬಿಸಿಲಿನಲ್ಲೂ ಕೆಳಗಿನ ಮೆಟ್ಟಿಲು ತಂಪು. ನೀರು ಎಷ್ಟಿದೆ ಎಂಬುದರ ಮೇಲೆ ಎಷ್ಟು ಮೆಟ್ಟಿಲು ನಿಮ್ಮದು ಎಂಬುದು ತೀರ್ಮಾನ. ಸಮಯ ಮಿಕ್ಕರೆ ಗದಗಿನಲ್ಲಿ ಇಳಿದು ವೀರನಾರಾಯಣನ ಗುಡಿ ನೋಡಿ. ಕುಮಾರವ್ಯಾಸ ಒರಗಿ ಕೂತು ಭಾರತ ಬರೆದನೆಂದು ಹೇಳುವ ಕಂಬ ಅಲ್ಲಿದೆ. ಮಿಗದಿದ್ದರೆ ಬಿಡಿ. ಸಂಜೆ ಸ್ಟ್ಯಾಂಡಿನ ಬಳಿ ಗಿರ್ಮಿಟ್ಟು, ಮಿರ್ಚಿ ತಿಂದು ಬಸ್ಸು ಹತ್ತಿ.

ಒಂದು ದಿನಕ್ಕೆ ಒಂದೇ ಊರು

ಈ ಇಪ್ಪತ್ತೆರಡು ವರ್ಷದಲ್ಲಿ ನಾವು ಕಲಿತದ್ದು ಸ್ವಲ್ಪ. ಅದರಲ್ಲಿ ಮೊದಲನೆಯದು, ಒಂದು ದಿನಕ್ಕೆ ಒಂದೇ ಊರು. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ, ಆಲಮಟ್ಟಿ ಎಂದು ಒಂದೇ ಹಗಲಿಗೆ ಕಟ್ಟುವ ಪ್ರವಾಸ ಜಗಳಕ್ಕೆ ಹಾಸಿದ ಚಾಪೆ. ಕಾರಿನೊಳಗೆ ಕೂತದ್ದೇ ಹೆಚ್ಚಾಗುತ್ತದೆ, ಕಲ್ಲಿನ ಮುಂದೆ ನಿಂತದ್ದು ಕಡಿಮೆ.

ಎರಡನೆಯದು, ಹೋಗುವ ಊರಿನಲ್ಲಿ ಒಂದು ಜೋಡಿಯನ್ನು ಹುಡುಕಿಕೊಂಡು ಹೋಗುವುದು. ಗಂಡಹೆಂಡತಿ, ಅಕ್ಕತಂಗಿ, ತಾಯಿಮಗಳು, ಯಾರಾದರೂ ಸರಿ. ರಾಜವಂಶದ ಪಟ್ಟಿ ತಲೆಯಲ್ಲಿ ನಿಲ್ಲುವುದಿಲ್ಲ. ಇಬ್ಬರ ಕತೆ ನಿಲ್ಲುತ್ತದೆ. ಅದರ ಸುತ್ತ ಕಾಲ, ಕಲ್ಲು, ಧರ್ಮ, ಯುದ್ಧ ಎಲ್ಲ ತಾವಾಗಿಯೇ ಬಂದು ಅಂಟಿಕೊಳ್ಳುತ್ತವೆ.

ಇನ್ನೊಂದು, ಶಾಸನದ ಪಾಠವನ್ನು ಮನೆಯಲ್ಲೇ ಹುಡುಕಿ ಬರೆದುಕೊಂಡು ಹೋಗುವುದು. ಹಳೆಯ ಮೈಸೂರು ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಊರೂರು ಅಲೆದು ಕಲೆಹಾಕಿಸಿ, ಜಿಲ್ಲೆಗೊಂದರಂತೆ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಪ್ರಕಟಿಸಿದರು. ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ, ಅಂತರ್ಜಾಲದಲ್ಲೂ ಸಿಗುತ್ತವೆ. ನಿಮ್ಮ ತಾಲ್ಲೂಕಿನ ಹೆಸರು ತೆರೆದು ನೋಡಿ. ದಿನಾ ಓಡಾಡುವ ಹಳ್ಳಿಯ ಹೆಸರು ಸಾವಿರ ವರ್ಷದ ಹಿಂದೆ ಹೇಗಿತ್ತೆಂದು ಕಂಡು ಮೈ ಜುಮ್ಮೆನ್ನುತ್ತದೆ. ಕಲ್ಲಿನ ಮುಂದೆ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಕ್ಷರದ ಮೇಲೆ ಕಣ್ಣಿಡಬೇಕು. ಹಳಗನ್ನಡ ಅರ್ಧ ಅರ್ಥವಾಗುತ್ತದೆ. ಉಳಿದರ್ಧಕ್ಕೆ ದಾರಿಯುದ್ದಕ್ಕೂ ಚರ್ಚೆ.

ಭೋಗನ ಊರು, ಯೋಗನ ಬೆಟ್ಟ

ಕೆಲಸದ ಸಲುವಾಗಿ ಇವರು ಪೀಣ್ಯಕ್ಕೆ ಬಂದ ಮೇಲೆ ನಮ್ಮ ಭಾನುವಾರಗಳು ಬೆಂಗಳೂರಿನ ಸುತ್ತ ತಿರುಗಿದವು. ನಂದಿಬೆಟ್ಟಕ್ಕೆ ನಸುಕಿನಲ್ಲಿ ಹೋಗುವ ಜೋಡಿಗಳು ಲೆಕ್ಕವಿಲ್ಲದಷ್ಟು. ವಾಹನಗಳ ಸಾಲಿನಲ್ಲಿ ಗಂಟೆಗಟ್ಟಲೆ ಕಾದು, ಮಂಜಿನಲ್ಲಿ ಫೋಟೊ ತೆಗೆದು, ಇಳಿದು ಹೋಗುತ್ತಾರೆ. ಬೆಟ್ಟದ ಬುಡದ ನಂದಿ ಊರಿನಲ್ಲಿ ಭೋಗನಂದೀಶ್ವರನ ಗುಡಿ ಇದೆ. ಮದುವೆಯ ಬಗ್ಗೆ ಇಷ್ಟು ವಿಸ್ತಾರವಾಗಿ ಯೋಚಿಸಿ ಕಟ್ಟಿದ ಇನ್ನೊಂದು ಜಾಗವನ್ನು ನಾನು ನೋಡಿಲ್ಲ.

ಇಲ್ಲಿ ಅಕ್ಕಪಕ್ಕ ಎರಡು ದೊಡ್ಡ ಗುಡಿ: ತೆಂಕಣದಲ್ಲಿ ಅರುಣಾಚಲೇಶ್ವರ, ಬಡಗಣದಲ್ಲಿ ಭೋಗನಂದೀಶ್ವರ. ನಡುವೆ ಉಮಾಮಹೇಶ್ವರನ ಚಿಕ್ಕ ಗುಡಿ, ಅದರ ಮುಂದೆ ಕಪ್ಪು ಕಲ್ಲಿನ ಕಲ್ಯಾಣಮಂಟಪ. ಸ್ಥಳದ ನಂಬಿಕೆಯಂತೆ ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಅವನ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ಎಲ್ಲವನ್ನೂ ಬಿಟ್ಟ ಕೊನೆಯ ಘಟ್ಟ. ಯೋಗನಂದೀಶ್ವರನಲ್ಲಿ ಉತ್ಸವದ ಸಡಗರವಿಲ್ಲ. ಕೆಳಗೆ ಕಲ್ಯಾಣ, ತೇರು, ದೀಪ, ಮೇಲೆ ಮೌನ. ಹೊಸದಾಗಿ ಮದುವೆಯಾದವರು ಉಮಾಮಹೇಶ್ವರನ ಮುಂದೆ ನಿಲ್ಲುವ ವಾಡಿಕೆ ಇಂದಿಗೂ ಇದೆ.

ಕಲ್ಯಾಣಮಂಟಪದ ಕಂಬಗಳ ಬಳಿ ಅವಸರ ಮಾಡಬೇಡಿ. ಶಿವಪಾರ್ವತಿಯರು ಇದ್ದೇ ಇದ್ದಾರೆ, ಲಕ್ಷ್ಮೀನಾರಾಯಣರಿದ್ದಾರೆ, ಬ್ರಹ್ಮಸರಸ್ವತಿಯರಿದ್ದಾರೆ, ಅಗ್ನಿ ಮತ್ತು ಅವನ ಹೆಂಡತಿ ಸ್ವಾಹಾದೇವಿಯೂ ಇದ್ದಾರೆ. ಮದುವೆಗೆ ಸಾಕ್ಷಿಯಾಗುವ ಅಗ್ನಿಗೂ ಸಂಸಾರ ಉಂಟೆಂದು ನೆನೆದ ಶಿಲ್ಪಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಮಂಟಪದ ಕಲ್ಲಿನಲ್ಲಿ ಬಳ್ಳಿಗಳಿವೆ, ಹಕ್ಕಿಗಳಿವೆ.

ಈ ಗುಡಿಯ ಹಳಮೆ ಒಂಬತ್ತನೆಯ ಶತಮಾನದ ಆರಂಭದವರೆಗೆ ಹೋಗುತ್ತದೆ. 806ರ ಶಾಸನ ನೊಳಂಬ ಅರಸನನ್ನೂ ರಾಷ್ಟ್ರಕೂಟ ಮುಮ್ಮಡಿ ಗೋವಿಂದನನ್ನೂ ಹೆಸರಿಸುತ್ತದೆ. ನಂದಿಯ ಶಿವಾಲಯವನ್ನು ಎತ್ತಿಸಿದವಳು ಬಾಣವಿದ್ಯಾಧರನ ರಾಣಿ ರತ್ನಾವಳಿ ಎಂದು ತಾಮ್ರಪಟ ಹೇಳುತ್ತದೆ. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ತಮ್ಮ ತಮ್ಮ ಪಾಲು ಸೇರಿಸಿದರು. ಗುಡಿಯ ಕೊಳವಾದ ಶೃಂಗಿತೀರ್ಥದ ಮೆಟ್ಟಿಲಲ್ಲಿ ಕೂತರೆ ಎದುರಿಗೆ ಬೆಟ್ಟ. ಯಲಹಂಕದ ಕಡೆಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲು ನಂದಿ ಹಾಲ್ಟ್ ಎಂಬ ಪುಟ್ಟ ಹಳೆಯ ನಿಲ್ದಾಣದಲ್ಲಿ ನಿಲ್ಲುತ್ತದೆ. ಅಲ್ಲಿಂದ ಗುಡಿಗೆ ನಡೆದೇ ಹೋಗಬಹುದು. ನಿಲ್ಲುವ ರೈಲುಗಳು ಕಡಿಮೆ, ಹೊರಡುವ ಮುನ್ನ ವೇಳೆ ನೋಡಿಕೊಳ್ಳಿ.

ಬೇರೆ ಬೇರೆ ದೇವರು, ಒಂದೇ ಮನೆ

ಪೀಣ್ಯದಿಂದ ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆಯ ಬಳಿ ತಿರುಗಿದರೆ ಶಿವಗಂಗೆ. ತುದಿಯಲ್ಲಿ ಒಂದು ಬಂಡೆಯನ್ನು ತೋರಿಸಿ, ಹೊಯ್ಸಳ ರಾಣಿ ಶಾಂತಲೆ ಇಲ್ಲಿಂದಲೇ ಹಾರಿ ಪ್ರಾಣ ಬಿಟ್ಟಳೆಂದು ಹೇಳುತ್ತಾರೆ. ಕೆ.ವಿ. ಅಯ್ಯರ್ ಅವರ ಕಾದಂಬರಿ, ಸಿ.ಕೆ. ನಾಗರಾಜರಾವ್ ಅವರ ದೊಡ್ಡ ಕಾದಂಬರಿ ಓದಿದವರ ಮನಸ್ಸಿನಲ್ಲಿ ಶಾಂತಲೆ ಇಂದೂ ಬದುಕಿದ್ದಾಳೆ. ಆದರೆ ಶ್ರವಣಬೆಳಗೊಳದ ಶಾಸನ ಹೇಳುವುದು ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎಂದು. ಹಾರಿದ್ದು ಜನರ ಕತೆ. ಮಗಳ ಸಾವಿನ ಬಳಿಕ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟದ್ದು ಶಾಸನದ ಮಾತು. ನನಗೆ ಎದೆ ಹಿಂಡುವುದು ಆ ಬಂಡೆಗಿಂತ ಈ ತಾಯಿ.

ಶಾಂತಲೆ ಮತ್ತು ಅವಳ ಗಂಡ, ಅರಸ ವಿಷ್ಣುವರ್ಧನ, ಇವರಿಬ್ಬರ ದಾಂಪತ್ಯ ತಿಳಿಯಬೇಕೆಂದರೆ ಹಾಸನದ ಕಡೆ ಹೋಗಬೇಕು. ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ನಿಲ್ಲಿಸಿದ್ದು 1117ರಲ್ಲಿ. ಅದೇ ಆವರಣದ ಕಪ್ಪೆ ಚೆನ್ನಿಗರಾಯನ ಗುಡಿ ಶಾಂತಲೆಯದು. ಅವಳು ಜೈನಳು, 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಿನಾಥನಿಗೆ ಬಸದಿ ಕಟ್ಟಿಸಿದಳು. ಅದಕ್ಕೆ ಅವಳ ಬಿರುದಿನದೇ ಹೆಸರು: ಸವತಿಗಂಧವಾರಣ ಬಸದಿ. ಸವತಿಯರ ಪಾಲಿಗೆ ಮದ್ದಾನೆ ಎಂದರ್ಥ. ಅರಮನೆಯ ಒಳಮನೆಯಲ್ಲಿ ಏನು ನಡೆದಿರಬಹುದೆಂಬುದು ಆ ಒಂದು ಪದದಲ್ಲೇ ಕೇಳಿಸುತ್ತದೆ. ಹಳೇಬೀಡಿನ ಜೋಡಿಗುಡಿಯಲ್ಲಿ ಒಂದು ಲಿಂಗ ಹೊಯ್ಸಳೇಶ್ವರ, ಇನ್ನೊಂದು ಶಾಂತಲೇಶ್ವರ. ಅರಸನ ಅಧಿಕಾರಿ ಕೇತಮಲ್ಲ 1121ರಲ್ಲಿ ಕಟ್ಟಿಸಿದ್ದು. ಎರಡು ಗರ್ಭಗುಡಿ, ಎರಡು ನವರಂಗ, ನಡುವೆ ಗೋಡೆಯಿಲ್ಲ. ಗಂಡನದು ವಿಷ್ಣು, ಹೆಂಡತಿಯದು ಜಿನ, ಇಬ್ಬರ ಹೆಸರಿನಲ್ಲಿ ಶಿವ! ಬೇರೆ ಜಾತಿ, ಬೇರೆ ಧರ್ಮದವರನ್ನು ಮೆಚ್ಚಿ ಮನೆಯಲ್ಲಿ ಹೇಗೆ ಹೇಳಲಿ ಎಂದು ಕಂಗಾಲಾದ ನನ್ನ ಅಕ್ಕನ ಮಗಳಿಗೆ ನಾನು ಕೊಟ್ಟ ಸಲಹೆ, ಮೊದಲು ಇಬ್ಬರೂ ಹಳೇಬೀಡಿಗೆ ಹೋಗಿ ಬನ್ನಿ ಎಂಬುದು. ಹೋಗಿ ಬಂದರು. ಅಲ್ಲಿ ಯಾರೂ ಕೆಟ್ಟ ಕಣ್ಣಿನಿಂದ ನೋಡಲಿಲ್ಲವಂತೆ. ಹಳೆಯ ಗುಡಿಗಳ ಅಂಗಳದಲ್ಲಿ ಆ ಧೈರ್ಯ ಇನ್ನೂ ಇದೆ.

ಬಾದಾಮಿ, ಪಟ್ಟದಕಲ್ಲುಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಎರಡೇ ಮಾತು ಹೇಳುತ್ತೇನೆ. ಬಾದಾಮಿಯ ಮೂರನೆಯ ಗುಹೆ 578ರದು. ಅಲ್ಲಿ ಎಲ್ಲರೂ ದೊಡ್ಡ ವಿಷ್ಣುವಿನ ಮುಂದೆ ನಿಲ್ಲುತ್ತಾರೆ. ನೀವು ತಲೆಯೆತ್ತಿ ಮೊಗಸಾಲೆಯ ಕಂಬಗಳ ಚಾಚುಗಳನ್ನು ನೋಡಿ. ಮರದ ಕೆಳಗೆ ಒಬ್ಬರ ಭುಜಕ್ಕೊಬ್ಬರು ಒರಗಿ ನಿಂತ ಗಂಡುಹೆಣ್ಣುಗಳು. ಒಂದು ಜೋಡಿಯಂತೆ ಇನ್ನೊಂದಿಲ್ಲ. ಪಟ್ಟದಕಲ್ಲಿನಲ್ಲಿ ಪಕ್ಕಪಕ್ಕದ ಎರಡು ದೊಡ್ಡ ಗುಡಿಗಳನ್ನು ಕಟ್ಟಿಸಿದವರು ಇಮ್ಮಡಿ ವಿಕ್ರಮಾದಿತ್ಯನ ಇಬ್ಬರು ರಾಣಿಯರು, ಅಕ್ಕತಂಗಿಯರು: ವಿರೂಪಾಕ್ಷ ಲೋಕಮಹಾದೇವಿಯದು, ಮಲ್ಲಿಕಾರ್ಜುನ ತ್ರೈಲೋಕ್ಯಮಹಾದೇವಿಯದು. ಗಂಡ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ. ಲೋಕಮಹಾದೇವಿ ಅಲ್ಲಿಯ ಗಾಯಕರ ಹಕ್ಕುಗಳನ್ನು ಎತ್ತಿಹಿಡಿದಳೆಂದೂ ಶಾಸನವಿದೆ. ಗೆಲುವಿನ ಗದ್ದಲದ ನಡುವೆ ಹಾಡುವವರನ್ನು ನೆನೆದವಳು.

ರೌಜಾದ ಹೂದೋಟ

ಹುಬ್ಬಳ್ಳಿಯಿಂದ ಗದಗ, ಬಾದಾಮಿ, ಬಾಗಲಕೋಟೆ ದಾಟಿ ವಿಜಯಪುರಕ್ಕೆ ರೈಲಿದೆ. ದಿನದಲ್ಲಿ ಹೋಗಿ ಬರುವುದು ಕಷ್ಟ, ಒಂದು ರಾತ್ರಿ ತಂಗಿ. ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಗೋಳಗುಮ್ಮಟಕ್ಕೆ ಹೋಗಬೇಕು. ಸುತ್ತುಮೊಗಸಾಲೆಯ ಒಂದು ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರುಗಡೆಯವರಿಗೆ ಕಿವಿಯಲ್ಲಿ ಹೇಳಿದಂತೆ ಕೇಳುತ್ತದೆ. ಒಳಗಿನ ಬಾಗು ಗೋಡೆಯ ಗುಂಟ ದನಿ ಜಾರುತ್ತ ಹೋಗುವುದೇ ಇದರ ಗುಟ್ಟು. ಒಂಬತ್ತರ ಮೇಲೆ ಶಾಲೆಯ ಮಕ್ಕಳು ಬಂದು ಕೂಗತೊಡಗಿದರೆ ಪಿಸುಮಾತಿಗೆ ಜಾಗವಿಲ್ಲ. ಕೆಳಗೆ ಮುಹಮ್ಮದ್ ಆದಿಲ್‌ಶಾಹನ ಗೋರಿಯ ಜೊತೆಗೆ ಅವನ ಬೇಗಮರದೂ ನರ್ತಕಿ ರಂಭೆಯದೂ ಇವೆ.

ಆದರೆ ನನ್ನ ಮನಸ್ಸು ಇರುವುದು ಊರಿನ ಪಡುವಣದ ಇಬ್ರಾಹಿಂ ರೌಜಾದಲ್ಲಿ. ಒಂದೇ ಎತ್ತರದ ಜಗುಲಿಯ ಮೇಲೆ ಗೋರಿ ಮತ್ತು ಮಸೀದಿ ಎದುರುಬದುರು, ನಡುವೆ ಕಾರಂಜಿಯ ಕೊಳ. ಲಕ್ಕುಂಡಿಯ ಎರಡು ಗುಡಿಗಳನ್ನು ನೋಡಿದವರಿಗೆ ಇದು ಪರಿಚಿತ ನೋಟ. ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಾಳ ನೆನಪಿನ ಕಟ್ಟಡ ಎಂದು ಬಾಗಿಲ ಮೇಲಿನ ಫಾರಸಿ ಬರಹ ಹೇಳುತ್ತದೆ; ಅದರಿಂದ ಬರುವ ವರ್ಷ 1626. ಕಟ್ಟಿಸಿದವನು ಮಲಿಕ್ ಸಂದಲ್, ವೆಚ್ಚ ಒಂದೂವರೆ ಲಕ್ಷದ ಮೇಲೆ ಒಂಬೈನೂರು ಹೊನ್ನು ಎಂದೂ ಬರಹವಿದೆ. ಆಗ್ರಾದ ತಾಜಮಹಲಿನ ಕೆಲಸ ಆಗಿನ್ನೂ ಶುರುವಾಗಿರಲಿಲ್ಲ. ರಾಣಿಗೆಂದು ಎದ್ದ ಗೋರಿಗೆ ರಾಜನೇ ಮೊದಲು ಬಂದ: ಇಬ್ರಾಹಿಂ 1627ರಲ್ಲಿ ತೀರಿಕೊಂಡ. ಈಗ ಒಂದೇ ಕೋಣೆಯಲ್ಲಿ ಅವನ ತಾಯಿ, ಹೆಂಡತಿ, ಮಕ್ಕಳು, ಅವನು.

ಕಿಟಕಿಗಳನ್ನು ನೋಡಿ. ಕಲ್ಲಿನ ಹಲಗೆಯಲ್ಲಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದಿದ್ದಾರೆ. ಅಕ್ಷರಗಳ ಸಂದಿಯಿಂದ ಒಳಗೆ ಬೆಳಕು ಬರುತ್ತದೆ. ಇಬ್ರಾಹಿಂ ಸ್ವತಃ ಹಾಡು ಕಟ್ಟಿದವನು. ಅವನ ಕಿತಾಬ್-ಎ-ನೌರಸ್ ಸರಸ್ವತಿಯ ಸ್ತುತಿ ಮಾಡುತ್ತದೆ, ತನ್ನ ತಂಬೂರಿಯನ್ನೂ ಆನೆಯನ್ನೂ ಹೆಸರಿಟ್ಟು ಹಾಡುತ್ತದೆ. ಮೋತಿ ಖಾನ್ ಎಂಬುದು ತಂಬೂರಿಯ ಹೆಸರು! ಮಧ್ಯಾಹ್ನದ ಹೊತ್ತು ಆ ಹೂದೋಟದ ಬೇವಿನ ನೆರಳಲ್ಲಿ ನಾವು ಮೂರು ಗಂಟೆ ಕೂತಿದ್ದೆವು. ಹದಿನೆಂಟು ವರ್ಷ ಸಂಸಾರ ಮಾಡಿದ ಮೇಲೆ ಮಾತಿಲ್ಲದೆಯೂ ಕೂರಬಹುದು.

ಬಳೆ ತೊಟ್ಟ ಕೈ

ಈ ತಿರುಗಾಟದಲ್ಲಿ ವೀರಗಲ್ಲುಗಳನ್ನೂ, ಗಂಡನೊಡನೆ ಚಿತೆಯೇರಿದವರ ಮಾಸ್ತಿಕಲ್ಲುಗಳನ್ನೂ ದಾಟಿ ಹೋಗಬೇಡಿ. ಊರ ಹೊರಗೆ, ಕೆರೆ ಏರಿಯ ಮೇಲೆ, ಹನುಮಪ್ಪನ ಗುಡಿಯ ಹಿಂದೆ ಇರುತ್ತವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಅವನು. ಮಾಸ್ತಿಕಲ್ಲಿನಲ್ಲಿ ಒಂದು ಕಂಬ, ಕಂಬದಿಂದ ಚಾಚಿದ ಹೆಣ್ಣಿನ ಕೈ. ಮೊಳಕೈವರೆಗೆ ಬಳೆ, ಬೆರಳ ನಡುವೆ ನಿಂಬೆಹಣ್ಣು. ಬಳೆ ಒಡೆಯದೆ ಹೋದವಳು ಎಂಬುದರ ಗುರುತು.

ಎಚ್.ಡಿ. ಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನ ದೇಕಬ್ಬೆಯ ಕತೆ ಹೇಳುತ್ತದೆ. ಅವಳ ಗಂಡ ಏಚ ತಲಕಾಡಿನಲ್ಲಿ ಮಲ್ಲಯುದ್ಧದಲ್ಲಿ ಅರಸನ ಬಂಧುವನ್ನು ಕೊಂದ, ಅದಕ್ಕೆ ಮರಣದಂಡನೆಯಾಯಿತು. ಸುದ್ದಿ ಕೇಳಿದ ದೇಕಬ್ಬೆ ತಂದೆತಾಯಿಗಳು ಕಾಲುಹಿಡಿದು ಬೇಡಿದರೂ ನಿಲ್ಲದೆ ಬೆಂಕಿಗೆ ನಡೆದಳು. ಕನ್ನಡ ಶಾಸನಗಳಲ್ಲಿ ಇಷ್ಟು ಚೆಲುವಾದ ಕವಿತೆ ಅಪರೂಪ. ಆ ಚೆಲುವೇ ನನ್ನನ್ನು ಹೆದರಿಸುತ್ತದೆ. ಬೇಡಿಕೊಂಡ ತಾಯಿಯ ದನಿಯೂ ಅದೇ ಕಲ್ಲಿನಲ್ಲಿದೆ, ಅದನ್ನು ಯಾರೂ ಮೆರೆಸುವುದಿಲ್ಲ. ಪ್ರೀತಿಯ ಹೆಸರಿನಲ್ಲಿ ಹೆಣ್ಣಿನಿಂದ ಏನೇನು ಕೇಳಿದ್ದೇವೆ ಎಂಬುದನ್ನು ಜೋಡಿಯಾಗಿ ನಿಂತು ನೋಡಬೇಕು, ಗಂಡಸರು ಮೊದಲು. ಕೋರಮಂಗಲದ ಉದ್ಯಾನದಲ್ಲಿರುವ, ಕೋಟೆ ಬಾಗಿಲಿಗೆ ಪ್ರಾಣ ಕೊಟ್ಟಳೆನ್ನುವ ಕೆಂಪೇಗೌಡರ ಸೊಸೆ ಲಕ್ಷ್ಮಮ್ಮನ ಸಮಾಧಿಯ ಮುಂದೆಯೂ ನನಗೆ ಇದೇ ಅನ್ನಿಸಿತು. ಇಂಥ ಕಲ್ಲಿನ ಮುಂದೆ ಕುಂಕುಮ ಹಚ್ಚುವವರನ್ನು ನಾನು ತಡೆಯುವುದಿಲ್ಲ. ನಾನು ಹಚ್ಚುವುದಿಲ್ಲ, ಅಷ್ಟೇ. ಲಕ್ಕುಂಡಿಯಲ್ಲಿ ಇವರು ಕೊಟ್ಟ ಉತ್ತರ ನನಗೆ ಸಾಕು.

ಕೊನೆಯದಾಗಿ ಒಂದು ಬೇಡಿಕೆ, ಮುಖ್ಯವಾಗಿ ಪ್ರಾಯದ ಜೋಡಿಗಳಿಗೆ. ನಾವು ಈಚೆಗೆ ಲಕ್ಕುಂಡಿಗೆ ಮತ್ತೆ ಹೋಗಿದ್ದೆವು. ಒಂದು ಕಂಬದ ಮೇಲೆ, ತಿರುಗಣಿಯ ಬಳೆಗಳ ನಡುವೆ, ಯಾರೋ ಇಬ್ಬರು ತಮ್ಮ ಹೆಸರನ್ನು ಗೀರಿ ಸುತ್ತ ಹೃದಯದ ಗುರುತು ಹಾಕಿದ್ದರು. ಇವರು ಅದರ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟರು. ಬಳಪದ ಕಲ್ಲು ಮೆತ್ತಗಿರುವುದರಿಂದಲೇ ಅಷ್ಟು ಚೆಂದದ ಕೆತ್ತನೆ ಸಾಧ್ಯವಾಯಿತು, ಮೆತ್ತಗಿರುವುದರಿಂದಲೇ ಒಂದು ಬೀಗದ ಕೈಯೂ ಅದನ್ನು ಕೆಡಿಸುತ್ತದೆ. ಅದನ್ನು ಮರಳಿ ಸರಿಮಾಡುವ ಲೇತ್ ಯಾವ ವರ್ಕ್‌ಶಾಪಿನಲ್ಲೂ ಇಲ್ಲ. 1958ರ ಸ್ಮಾರಕ ರಕ್ಷಣಾ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕವನ್ನು ಕೆಡಿಸಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹೆಸರು ಬರೆಯುವ ಆಸೆ ನನಗೆ ಅರ್ಥವಾಗುತ್ತದೆ. ಅದಕ್ಕೆ ಒಂದು ನೋಟ್‌ಬುಕ್ ಒಯ್ಯಿರಿ. ತಾರೀಖು, ಊರು, ಜೊತೆಗಿದ್ದವರ ಹೆಸರು, ಅಂದು ಕಂಡ ಒಂದು ಸಂಗತಿ ಬರೆಯಿರಿ. ನಮ್ಮ ಮನೆಯಲ್ಲಿ ಅಂಥವು ಆರು ಇವೆ. ಮೊದಲನೆಯದರ ಮೊದಲ ಪುಟದಲ್ಲಿ ಇವರು ಬರೆದ ಲಕ್ಕುಂಡಿಯ ಕಂಬದ ಚಿತ್ರ, ಪಕ್ಕದಲ್ಲಿ ಅಳತೆ. ಹೊರಡುವುದಾದರೆ ಶುಕ್ರವಾರ ಬಿಟ್ಟು ಬೇರೆ ದಿನ ಹೊರಡಿ. ಪುರಾತತ್ವ ಇಲಾಖೆಯ ಸ್ಥಳ ಸಂಗ್ರಹಾಲಯಗಳಿಗೆ ಅಂದು ರಜೆ.